ಜಯಪ್ರಕಾಶನ ಕೌಂಟು

ಐವರ್ನಾಡಿನ ಜಯಪ್ರಕಾಶನ ಮನೆಯೊಳಗೆ ಫೋನಿಗೆ ರೇಂಜ್ ಸಿಗುವುದಿಲ್ಲ. ಮಾತಾಡಬೇಕಾದರೆ ಬೇಲಿ ದಾಟಿ ನೆರೆಮನೆಯ ದೇರಣ್ಣನ ಅಂಗಳದ ತುದಿಗೆ ಹೋಗಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ನಿಲ್ಲಬೇಕು. ಅಲ್ಲಿ ನಿಂತು ಆಡಿದ ಮಾತು ಫೋನಿನ ಆಚೆಯವರಿಗೆ ಕೇಳಿಸದಿದ್ದರೂ ದೇರಣ್ಣನ ಜಗಲಿಗೆ ಚೆನ್ನಾಗಿ ಕೇಳಿಸುತ್ತದೆ. ಆ ದಿನದ ಅನರ್ಥಕ್ಕೆಲ್ಲ ಆ ಕಲ್ಲೇ ಕಾರಣ.

ಜಯಪ್ರಕಾಶ ಊರಿನ ರಬ್ಬರ್ ಸೊಸೈಟಿಯಲ್ಲಿ ಗುಮಾಸ್ತ. ಶೀಟು ತೂಗಿ ತೂಗಿ ಅವನ ಅಂಗಿಗೆಲ್ಲ ರಬ್ಬರಿನ ವಾಸನೆ ಹಿಡಿದಿತ್ತು. ಮದುವೆ ಮನೆಯ ಪಂಕ್ತಿಯಲ್ಲಿ ಕಣ್ಣು ಮುಚ್ಚಿಕೊಂಡು ಬಡಿಸುವವನಿಗೂ ಅವನು ಎಲ್ಲಿ ಕೂತಿದ್ದಾನೆಂದು ತಿಳಿಯುತ್ತಿತ್ತು. ಸೊಸೈಟಿಯ ಮೆನೇಜರು ಬರುವ ಮಾರ್ಚಿಗೆ ನಿವೃತ್ತರಾಗುವವರಿದ್ದರು. ಮುಂದಿನ ಮೆನೇಜರು ಎಂಬಿಎ ಮಾಡಿದವನೋ, ಕಡೇಪಕ್ಷ ಅದಕ್ಕೆ ಸೇರಿದವನೋ ಆಗಿರಬೇಕೆಂದು ಆಡಳಿತ ಮಂಡಳಿ ತೀರ್ಮಾನಿಸಿತು. ಇಷ್ಟು ವರ್ಷ ಆ ಕುರ್ಚಿಯ ಪಕ್ಕದಲ್ಲೇ ನಿಂತು ಸವೆದವನಿಗೆ ಇದೊಂದು ಏಟು. ಮಂಗಳೂರಿನಲ್ಲಿ ಶನಿವಾರ ಭಾನುವಾರ ಮಾತ್ರ ಪಾಠ ನಡೆಸುವ ಕಾಲೇಜೊಂದು ಇದೆಯೆಂದು ಕೇಳಿ ಅವನು ಗುಟ್ಟಾಗಿ ಅರ್ಜಿ ಹಾಕಿದ. ಮದುವೆಗೆ ಹೋಗುತ್ತೇನೆಂದು ಊರಿಗೆ ಹೇಳಿ, ಹೋಗಿ ಪ್ರವೇಶ ಪರೀಕ್ಷೆ ಬರೆದು ಬಂದ. ಮೀಸೆ ನರೆಯುವ ಪ್ರಾಯದಲ್ಲಿ ಪರೀಕ್ಷೆ ಬರೆದದ್ದು ಹೆಂಡತಿ ಭವಿತಾಳನ್ನು ಬಿಟ್ಟರೆ ಬೇರಾರಿಗೂ ಗೊತ್ತಿರಲಿಲ್ಲ.

ಆ ಬೆಳಗ್ಗೆ ಕಾಲೇಜಿನಿಂದ ಫೋನ್ ಬರುವುದಿತ್ತು. ಜಯಪ್ರಕಾಶ ಸ್ನಾನ ಮಾಡಿ, ದೇವರಿಗೆ ಕೈಮುಗಿದು, ಕಲ್ಲು ಹತ್ತಿ ನಿಂತ. ಮಾತಾಡಿದವಳು ತನ್ಮಯೀ ಎಂಬ ಹುಡುಗಿ. ಅರ್ಜಿದಾರರಿಗೆ ಸಲಹೆ ಕೊಡುವುದು ಅವಳ ಕೆಲಸ.

“ಸರ್, ನಿಮ್ಮ ಟೆಸ್ಟ್ ರಿಪೋರ್ಟ್ ನನ್ನ ಮುಂದೆ ಇದೆ. ನೂರಕ್ಕೆ ಮೂವತ್ತೆಂಟು. ಓದಿ ಗ್ರಹಿಸೋದು, ದುರ್ಬಲ. ಲೆಕ್ಕ, ದುರ್ಬಲ. ತೀರ್ಮಾನ ತಗೊಳ್ಳೋ ಶಕ್ತಿ, ತೀರಾ ದುರ್ಬಲ. ಬೇಜಾರು ಮಾಡ್ಕೋಬೇಡಿ. ಎಲ್ಲರಿಗೂ ಎಲ್ಲಾ ಆಗಲ್ಲ, ಅಲ್ವಾ?”

ಜಗಲಿಯಲ್ಲಿ ಕೂತಿದ್ದ ದೇರಣ್ಣನಿಗೆ ಕೇಳಿಸಿದ್ದು ಈಚೆಯ ಮಾತು ಮಾತ್ರ.

“ರಿಪೋರ್ಟಿನಲ್ಲಿ ಮೂವತ್ತೆಂಟಾ ಮೇಡಂ? ಅಷ್ಟು ಕಡಿಮೆ ಹೇಗಾಯ್ತು?... ಹಾಗಾದ್ರೆ ಚಾನ್ಸೇ ಇಲ್ವಾ?... ಇನ್ನೊಮ್ಮೆ ಟೆಸ್ಟ್ ಮಾಡಿದ್ರೆ?... ಒಂದು ವರ್ಷ ಬಿಟ್ಟಾ? ಅಷ್ಟು ಸಮಯ ನನಗಿಲ್ಲ ಮೇಡಂ.”

ಅವನು ಕಲ್ಲಿನಿಂದ ಇಳಿಯುವಾಗ ದೇರಣ್ಣ ಎದುರಿಗೆ ನಿಂತಿದ್ದ. ಮುದುಕನ ಮುಖ ಸುಣ್ಣದ ಗೋಡೆಯ ಹಾಗೆ ಬಿಳುಚಿತ್ತು.

“ಎಷ್ಟು ಅಂತ ಹೇಳಿದ್ರು?”

“ಮೂವತ್ತೆಂಟು ಮಾವ.” ಬಾಯಿ ತಪ್ಪಿ ಬಂದುಹೋಯಿತು.

“ಶಶಾಂಕನಿಗೆ ನಲವತ್ತೆರಡು ಇತ್ತು,” ಎಂದ ದೇರಣ್ಣ.

ಶಶಾಂಕ ದೇರಣ್ಣನ ಒಬ್ಬನೇ ಮಗ. ಕಳೆದ ಮಳೆಗಾಲದಲ್ಲಿ ಡೆಂಗ್ಯೂ ಬಂದು ತೀರಿಕೊಂಡಿದ್ದ. ರಕ್ತದ ಪ್ಲೇಟ್‌ಲೆಟ್ ಕೌಂಟು ನಲವತ್ತೆರಡು ಸಾವಿರ ಎಂದು ತಿಳಿದ ಸಂಜೆ, ‘ನಾಳೆ ದೊಡ್ಡ ಆಸ್ಪತ್ರೆಗೆ ಹೋಗುವ’ ಎಂದವನು ದೇರಣ್ಣನೇ. ಆ ಹುಡುಗ ನಾಳೆಯನ್ನು ಕಾಣಲಿಲ್ಲ. ಆಮೇಲೂ ಆ ಮನೆಯ ತುಳಸಿಕಟ್ಟೆಗೆ ದೀಪ ಇಡುವುದು ನಿಲ್ಲಲಿಲ್ಲ. ದೀಪ ಇಟ್ಟು ಏನನ್ನಾದರೂ ಬೇಡುವುದು ಮಾತ್ರ ನಿಂತಿತ್ತು.

“ಮಾವ, ಇದು ಆ ಟೆಸ್ಟ್ ಅಲ್ಲ. ನನಗೆಂತ ಆಗ್ಲಿಲ್ಲ,” ಎಂದ ಜಯಪ್ರಕಾಶ.

“ಶಶಾಂಕನೂ ಹೀಗೇ ಹೇಳಿದ್ದು.”

“ಜ್ವರವೇ ಇಲ್ಲ, ಮುಟ್ಟಿ ನೋಡಿ.”

“ಅವನಿಗೂ ಆ ದಿನ ಜ್ವರ ಬಿಟ್ಟಿತ್ತು.” ದೇರಣ್ಣ ಅವನ ರಟ್ಟೆ ಹಿಡಿದುಕೊಂಡ. “ಒಂದು ತಿಂಗಳಿಂದ ನೋಡ್ತಾ ಇದ್ದೇನೆ. ಕಣ್ಣು ಗುಂಡಿಗೆ ಹೋಗಿದೆ, ರಾತ್ರಿಯಿಡೀ ನಿನ್ನ ಲೈಟ್ ಉರಿಯುದು. ಹಾಗಾದ್ರೆ ಇದು ಯಾವ ಟೆಸ್ಟ್, ಹೇಳು ನೋಡುವ.”

ನಿದ್ದೆಗೆಟ್ಟು ಓದಿದ್ದನ್ನು ಈಗ ಹೇಳಬಹುದಿತ್ತು. ಆದರೆ ಮಗನನ್ನು ಕಳೆದುಕೊಂಡವನ ಎದುರು ನಿಂತು ‘ನನಗೆ ಮಾರ್ಕು ಕಡಿಮೆಯಾಯಿತು’ ಎನ್ನಲು ಅವನಿಗೆ ನಾಲಗೆ ಏಳಲಿಲ್ಲ. ನಾಚಿಕೆಯೂ ಸೇರಿಕೊಂಡಿತು. ತೀರ್ಮಾನದ ಶಕ್ತಿ ತೀರಾ ದುರ್ಬಲವೆಂದು ಹೇಳಿದವರು ಸುಮ್ಮನೆ ಹೇಳಿರಲಿಲ್ಲ.

“ಅದು... ಮಂಗಳೂರಿನಲ್ಲಿ ಮಾಡಿಸಿದ್ದು,” ಎಂದುಬಿಟ್ಟ.

“ಪೂವಮ್ಮ, ಬಪ್ಪಂಗಾಯಿ ಎಲೆ ಕೊಯ್ದು ಅರೆ. ಮಮ್ಮುವಿಗೆ ಫೋನ್ ಮಾಡ್ತೇನೆ,” ಎಂದು ದೇರಣ್ಣ ತಾನೇ ಕಲ್ಲು ಹತ್ತಿದ.

ದೇರಣ್ಣನ ಹೆಂಡತಿ ಪೂವಮ್ಮ ಒಂದು ವರ್ಷದಿಂದ ಅಡುಗೆಮನೆ ಬಿಟ್ಟು ಹೊರಗೆ ಬಂದವಳಲ್ಲ. ಆ ದಿನ ಸೆರಗು ಸಿಕ್ಕಿಸಿಕೊಂಡು ಬಂದು, ಪಪ್ಪಾಯಿ ಎಲೆಯ ರಸ ತುಂಬಿದ ಲೋಟವನ್ನು ಅವನ ಬಾಯಿಗೇ ಹಿಡಿದಳು. “ಮೂಗು ಹಿಡ್ಕೊಂಡು ಕುಡಿ ಮಗಾ. ಅವನಿಗೆ ಕೊಡ್ಲಿಕ್ಕೆ ನನಗೆ ಹೊತ್ತು ಸಿಕ್ಲಿಲ್ಲ.” ಹಾಗೆ ಹೇಳಿದ ಮೇಲೆ ಕುಡಿಯದೆ ಇರುವುದು ಹೇಗೆ? ಏಳು ಜನ್ಮದ ಪಾಪವೆಲ್ಲ ಒಟ್ಟಿಗೆ ಬಂದು ನಾಲಗೆಯ ಮೇಲೆ ಕೂತ ಹಾಗಿತ್ತು ಆ ಕಹಿ. ಖಾಲಿ ಲೋಟ ನೋಡಿ ಅವಳು ಇನ್ನೊಂದು ಲೋಟ ತಂದಳು.

ಮಮ್ಮು ರಿಕ್ಷಾ ತಂದು ನಿಲ್ಲಿಸಿ ದೇರಣ್ಣನಿಗೆ ಧೈರ್ಯ ಹೇಳಿದ. “ಹೆದರ್ಬೇಡಿ ಗೌಡ್ರೆ. ನಮ್ಮ ಕದೀಜಮ್ಮನಿಗೆ ಹತ್ತು ಸಾವಿರಕ್ಕೆ ಇಳಿದಿತ್ತು. ಈಗ ನೋಡಿ, ಸೊಸೆಯನ್ನು ಬೈಯುದು ಆಚೆ ಗುಡ್ಡೆಗೆ ಕೇಳ್ತದೆ. ಸೀದಾ ಸುಳ್ಯಕ್ಕೆ ಹೋಗುವ. ಆಸ್ಪತ್ರೆಯವರೂ ಮೊದಲು ರಕ್ತವೇ ತೆಗೆಯುದು, ನಾವೇ ಲ್ಯಾಬಿಗೆ ಹೋಗಿ ಕೊಟ್ರೆ ಹೊತ್ತು ಉಳೀತದೆ.”

ಹಿಂದಿನ ಸೀಟಿನಲ್ಲಿ ದೇರಣ್ಣ ಮತ್ತು ಪೂವಮ್ಮನ ನಡುವೆ ಜಯಪ್ರಕಾಶ ಕಳ್ಳನ ಹಾಗೆ ಕೂತ. ಮಮ್ಮು ಕೈ ತೋರಿಸಿದವರಿಗೆಲ್ಲ ರಿಕ್ಷಾ ನಿಧಾನ ಮಾಡಿ ವಿಷಯ ತಿಳಿಸಿದ. ಸೊಸೈಟಿಯ ಎದುರು ಅಧ್ಯಕ್ಷರಾದ ಚನಿಯಪ್ಪನವರೇ ಅಡ್ಡ ಬಂದರು.

“ಎಂತ ಮಾರಾಯ, ಹೀಗಾಯ್ತಲ್ಲ,” ಎಂದು ಒಳಗೆ ಬಗ್ಗಿ ನೋಡಿದರು. “ಮೆನೇಜರ್ ಪೋಸ್ಟಿನ ತಲೆಬಿಸಿ ನೀನು ಬಿಡು, ಆಯ್ತಾ? ಜೀವ ಮುಖ್ಯ. ಅದಕ್ಕೆ ನಾವು ಬೇರೆ ಜನ ನೋಡುವ.” ಆಮೇಲೆ ದೇರಣ್ಣನ ಕಡೆ ತಿರುಗಿ, “ಒಳ್ಳೆ ಕೆಲಸಗಾರ ಇದ್ದ,” ಎಂದರು.

“ನಾನು ಇನ್ನೂ ಇದ್ದೇನೆ ಸರ್,” ಎಂದ ಜಯಪ್ರಕಾಶ.

“ಧೈರ್ಯಕ್ಕೂ ಕಡಿಮೆ ಇರ್ಲಿಲ್ಲ,” ಎಂದು ಚನಿಯಪ್ಪನವರು ಕಣ್ಣೊರಸಿಕೊಂಡರು.

ಸುಳ್ಯ ಹತ್ತಿರವಾಗುವಾಗ ಭವಿತಾಳ ಫೋನ್ ಬಂತು. ಅವಳು ತರಬೇತಿಗೆಂದು ಪುತ್ತೂರಿಗೆ ಹೋಗಿದ್ದಳು. “ನಿಮಗೆ ಡೆಂಗ್ಯೂ ಅಂತೆ? ನನ್ನ ಹತ್ರ ಹೇಳುದಲ್ವಾ?” ಎಂದು ಅಳುತ್ತಿದ್ದಳು. ಜಯಪ್ರಕಾಶ ಬಾಯಿಗೆ ಕೈ ಅಡ್ಡ ಹಿಡಿದು, ಅದು ಪರೀಕ್ಷೆಯ ಮಾರ್ಕೆಂದು ಪಿಸುಗುಟ್ಟಿದ. ಆಚೆ ಅಳು ಥಟ್ಟನೆ ನಿಂತಿತು.

“ಮೂವತ್ತೆಂಟು ಮಾರ್ಕಾ?” ಎಂದಳು. “ನಿಮಗೆ ಡೆಂಗ್ಯೂ ಅಂತ ನನ್ನ ಅಪ್ಪನ ಹತ್ರ ಹೇಳಿ ಆಯ್ತು ನಾನು. ಡೆಂಗ್ಯೂವೇ ಇರ್ಲಿ.” ಫೋನ್ ಇಟ್ಟಳು.

“ಫೋನ್ ನೋಡಿದ್ರೆ ತಲೆಬಿಸಿ ಹೆಚ್ಚಾಗುದು,” ಎಂದು ದೇರಣ್ಣ ಅದನ್ನು ಕಿತ್ತು ತನ್ನ ಅಂಗಿಯ ಕಿಸೆಗೆ ಹಾಕಿಕೊಂಡ. “ಶಶಾಂಕ ಕೊನೆವರೆಗೂ ಇದನ್ನೇ ಒತ್ತುತ್ತಾ ಮಲಗಿದ್ದ.”

ಲ್ಯಾಬಿನಲ್ಲಿ ಅವನನ್ನು ಒಳಗೆ ಕರೆದು ತೋಳಿಗೆ ಪಟ್ಟಿ ಬಿಗಿದರು. ಅದೇ ಹೊತ್ತಿಗೆ ದೇರಣ್ಣನ ಕಿಸೆಯಲ್ಲಿ ಫೋನ್ ಬಡಿದುಕೊಂಡಿತು. ಅರ್ಜಿ ಹಿಂದಕ್ಕೆ ಪಡೆಯುತ್ತೀರಾ ಎಂದು ಕೇಳಲು ಕಾಲೇಜಿನ ತನ್ಮಯೀ ಫೋನ್ ಮಾಡಿದ್ದಳು. ರಕ್ತ ಪರೀಕ್ಷೆ ಮಾಡಿಸಿದ ಮಂಗಳೂರಿನ ಮೇಡಂ ಇವರೇ ಎಂದು ದೇರಣ್ಣ ತಿಳಿದುಕೊಂಡ.

“ಅವ ಮಾತಾಡುವ ಸ್ಥಿತಿಯಲ್ಲಿ ಇಲ್ಲ ಮೇಡಂ. ನೀವೇ ಬೆಳಗ್ಗೆ ಹೇಳಿದ್ರಲ್ಲ, ಪ್ಲೇಟ್‌ಲೆಟ್ ಅಷ್ಟು ಕಡಿಮೆ ಅಂತ. ಈಗ ಸುಳ್ಯಕ್ಕೆ ತಂದಿದ್ದೇವೆ. ಒಂದು ತಿಂಗಳಿಂದ ಹುಡುಗ ಒಣಗಿ ಹೋಗಿದ್ದಾನೆ.”

ಸೂಜಿ ಚುಚ್ಚಿದ ಜಾಗಕ್ಕೆ ಹತ್ತಿ ಒತ್ತಿಕೊಂಡು ಜಯಪ್ರಕಾಶ ಹೊರಗೆ ಬಂದಾಗ ದೇರಣ್ಣನ ಮುಖದಲ್ಲಿ ಸ್ವಲ್ಪ ಕಳೆ ಇತ್ತು.

“ಆ ಮಂಗಳೂರಿನ ಮೇಡಂ ಭಾರಿ ಒಳ್ಳೆಯವರು ಮಾರಾಯ. ಪಾಪ, ಅವರಿಗೆ ಗೊತ್ತೇ ಇರ್ಲಿಲ್ಲ ಅಂತೆ ನಿನಗೆ ಸೌಖ್ಯ ಇಲ್ಲ ಅಂತ. ಅಸೌಖ್ಯದಲ್ಲಿ ಆದದ್ದನ್ನು ಲೆಕ್ಕಕ್ಕೆ ಹಿಡಿಯುದಿಲ್ಲ ಅಂತೆ. ಈಗಿನ ರಕ್ತದ ರಿಪೋರ್ಟ್ ಇವತ್ತೇ ಕಳಿಸಿದ್ರೆ ಇನ್ನೊಮ್ಮೆ ಟೆಸ್ಟ್ ಮಾಡಿಸ್ತಾರಂತೆ. ನಂಬ್ರ ಮಮ್ಮು ಬರೆದಿಟ್ಟಿದ್ದಾನೆ.”

ಜಯಪ್ರಕಾಶ ಬೆಂಚಿನ ಮೇಲೆ ಕುಸಿದ. ಇನ್ನೊಂದು ಪರೀಕ್ಷೆ. ಇನ್ನೊಂದು ಸಲ ಆ ಕುರ್ಚಿ. ಬೇಕಾದದ್ದು ಇಷ್ಟೇ: ಅವನ ರಕ್ತ ಕೆಟ್ಟಿರಬೇಕು. ತಿಂಗಳಿಡೀ ನಿದ್ದೆಗೆಟ್ಟದ್ದರಿಂದ ಸ್ವಲ್ಪವಾದರೂ ಕೆಟ್ಟಿರಲಾರದೆ? ಸೊಸೈಟಿಯ ಗೋದಾಮಿನಲ್ಲಿ ಸೊಳ್ಳೆ ಕಚ್ಚದ ದಿನವಿಲ್ಲ; ಅವುಗಳಲ್ಲಿ ಒಂದಾದರೂ ಡೆಂಗ್ಯೂವಿನದ್ದು ಇರಲಾರದೆ? ಅವನು ಕಣ್ಣು ಮುಚ್ಚಿ, ಕುಕ್ಕೆಯ ಸುಬ್ರಹ್ಮಣ್ಯ ದೇವರೇ, ಸಾಯುವಷ್ಟು ಬೇಡ, ಆಸ್ಪತ್ರೆಗೆ ಸೇರುವಷ್ಟು ಕರುಣಿಸು ಎಂದು ಬೇಡಿಕೊಂಡ.

ಪಕ್ಕದಲ್ಲಿ ಪೂವಮ್ಮನೂ ಕಣ್ಣು ಮುಚ್ಚಿ ಕೂತಿದ್ದಳು. ತುಟಿ ಅಲುಗುತ್ತಿತ್ತು. ಒಂದು ವರ್ಷದಿಂದ ದೇವರಲ್ಲಿ ಮಾತು ಬಿಟ್ಟವಳು ಅಂದು ಅದೇ ಸುಬ್ರಹ್ಮಣ್ಯನನ್ನು ಕರೆದು, ಈ ಹುಡುಗನ ರಕ್ತದಲ್ಲಿ ಎಂತದೂ ಇಲ್ಲದಿರಲಿ, ನಾನು ಉರುಳುಸೇವೆ ಮಾಡುತ್ತೇನೆ ಎನ್ನುತ್ತಿದ್ದಳು. ಒಂದೇ ಬೆಂಚಿನಿಂದ ಹೊರಟ ಎರಡು ಮೊರೆಗಳು. ಯಾವುದಕ್ಕೆ ಕಿವಿಗೊಡಬೇಕೆಂದು ದೇವರಿಗೆ ತಿಳಿದಿರುತ್ತದೆ.

ಅಷ್ಟರಲ್ಲಿ ಪಪ್ಪಾಯಿ ಎಲೆಯ ರಸ ತನ್ನ ಕೆಲಸ ಸುರುಮಾಡಿತು. ಜಯಪ್ರಕಾಶನ ಹೊಟ್ಟೆಯೊಳಗೆ ಘಾಟಿ ಏರುವ ಲಾರಿಯ ಸದ್ದಾಯಿತು. ಅವನು ಹೊಟ್ಟೆ ಹಿಡಿದುಕೊಂಡು ಲ್ಯಾಬಿನ ಹಿಂಬದಿಗೆ ಓಡಿದ. ಅಲ್ಲಿ ಕೂತು, ಇದೂ ಒಂದು ರೋಗಲಕ್ಷಣವೇ ಇರಬಹುದೆಂದು ಆಸೆಪಟ್ಟ. ಹೊರಗೆ ಬರಲು ಬಹಳ ಹೊತ್ತು ಹಿಡಿಯಿತು.

ಬಂದು ನೋಡಿದರೆ ದೇರಣ್ಣ ಒಂದು ಕಾಗದ ಹಿಡಿದು ನಿಂತುಕೊಂಡೇ ಅಳುತ್ತಿದ್ದ. ಪೂವಮ್ಮ ಲ್ಯಾಬಿನ ಗೋಡೆಯಲ್ಲಿದ್ದ ಕ್ಯಾಲೆಂಡರಿನ ದೇವರಿಗೆ ಕೈಮುಗಿದು ನಿಂತಿದ್ದಳು.

“ಎಷ್ಟು ಮಾವ?” ಎಂದ ಜಯಪ್ರಕಾಶ. ಒಂದು ಕ್ಷಣ ಅವನ ಜೀವ ಹಾರಿತು. ಸಂತೋಷದಿಂದಲೋ ಭಯದಿಂದಲೋ ಅವನಿಗೇ ತಿಳಿಯಲಿಲ್ಲ.

“ಎರಡು ಲಕ್ಷ ತೊಂಬತ್ತು ಸಾವಿರ. ಇಂಥ ರಕ್ತ ಈ ಮಳೆಗಾಲದಲ್ಲಿ ನೋಡಿಯೇ ಇಲ್ಲ ಅಂತ ಒಳಗಿನವರು ಹೇಳಿದ್ರು. ಡೆಂಗ್ಯೂ ಇಲ್ಲ, ಶುಗರ್ ಇಲ್ಲ, ಎಂತದೂ ಇಲ್ಲ.” ದೇರಣ್ಣ ಅವನನ್ನು ತಬ್ಬಿಕೊಂಡ. ಮುದುಕನ ಎದೆ ಹಕ್ಕಿಮರಿಯ ಹಾಗೆ ಹೊಡೆದುಕೊಳ್ಳುತ್ತಿತ್ತು.

ಜಯಪ್ರಕಾಶ ಆ ಎದೆಗೆ ಒರಗಿಕೊಂಡೇ ಲೆಕ್ಕ ಹಾಕಿದ. ಕಾಗದವನ್ನು ಯಾರಿಗೂ ತೋರಿಸದಿದ್ದರಾಯಿತು. ಪರೀಕ್ಷೆಯ ದಿನ ನಿಜಕ್ಕೂ ಅವನಿಗೆ ಶೀತವಾಗಿತ್ತು. ಅದನ್ನೇ ಹೇಳಿ, ಮೇಡಂ ಹತ್ತಿರ ಎರಡು ದಿನ ಕೇಳಿ...

“ಆ ರಿಪೋರ್ಟ್ ಕೊಡಿ ಮಾವ. ಮಂಗಳೂರಿಗೆ ನಾನೇ ಮಾತಾಡ್ತೇನೆ.”

“ನಿನಗೆ ಯಾಕೆ ತೊಂದ್ರೆ? ಎಲ್ಲ ಆಯ್ತು.”

“ಎಂತ ಆಯ್ತು?”

“ಫೋಟೋ ತೆಗೆದು ಕಳಿಸಿ ಆಯ್ತು ಅಣ್ಣ,” ಎಂದ ಮಮ್ಮು. “ಗೌಡ್ರು ವಾಯ್ಸ್ ಮೆಸೇಜೂ ಹಾಕಿದ್ದಾರೆ.” ಅವನು ತನ್ನ ಫೋನ್ ಒತ್ತಿದ. ದೇರಣ್ಣನ ಗದ್ಗದ ಸ್ವರ ಕೇಳಿಸಿತು.

“ಮೇಡಂ, ನಿಮಗೆ ಪುಣ್ಯ ಬರ್ಲಿ. ಎಲ್ಲ ನಾರ್ಮಲ್ ಉಂಟು. ಹುಡುಗನಿಗೆ ಎಂತ ಕಾಯಿಲೆಯೂ ಇರ್ಲೇ ಇಲ್ಲ. ಬೆಳಗ್ಗಿಂದ ಅವನೂ ಅದನ್ನೇ ಹೇಳ್ತಾ ಇದ್ದ, ನಾವೇ ಕೇಳ್ಲಿಲ್ಲ.”

ಕೇಳಿ ಮುಗಿಯುವುದರೊಳಗೆ ಫೋನ್ ಟಿಣ್ ಎಂದಿತು. “ಅವರದ್ದೇ. ಇಂಗ್ಲಿಷಿನಲ್ಲಿ ಉಂಟು, ನೀವೇ ಓದಿ,” ಎಂದು ಮಮ್ಮು ಫೋನನ್ನು ಅವನ ಕೈಗಿತ್ತ.

ಅರ್ಜಿದಾರರು ಸಂಪೂರ್ಣ ಆರೋಗ್ಯವಂತರೆಂದು ತಿಳಿದು ಸಂಸ್ಥೆಗೆ ಬಹಳ ಸಂತೋಷವಾಗಿದೆ. ಆದ್ದರಿಂದ ಅಂಕಗಳನ್ನು ಅವರ ನಿಜವಾದ ಸಾಮರ್ಥ್ಯವೆಂದೇ ಪರಿಗಣಿಸಿ ಅರ್ಜಿಯನ್ನು ಮುಕ್ತಾಯಗೊಳಿಸಲಾಗಿದೆ ಎಂದಿತ್ತು.

“ಎಂತ ಬರೆದಿದ್ದಾರೆ?” ಎಂದು ದೇರಣ್ಣ ಕೇಳಿದ. ಕಳೆದ ಮಳೆಗಾಲದ ನಂತರ ಅವನು ನಕ್ಕದ್ದನ್ನು ಯಾರೂ ಕಂಡಿರಲಿಲ್ಲ. ಈಗ ಕಣ್ಣಲ್ಲಿ ನೀರಿದ್ದರೂ ಬಾಯಿ ನಗುತ್ತಿತ್ತು.

ಜಯಪ್ರಕಾಶ ಆ ಮುಖವನ್ನು ನೋಡಿದ.

“ನಾನು ಸೌಖ್ಯ ಇದ್ದೇನೆ ಅಂತ ಅವರಿಗೆ ಭಾರಿ ಖುಷಿಯಾಗಿದೆ ಅಂತೆ ಮಾವ. ಇನ್ನು ಟೆಸ್ಟ್ ಬೇಡ ಅಂತೆ.”

“ನೋಡು, ಗುರ್ತ ಇಲ್ಲ, ಪರಿಚಯ ಇಲ್ಲ, ಎಷ್ಟು ಒಳ್ಳೆ ಜನ,” ಎಂದ ದೇರಣ್ಣ. “ಒಂದು ಥ್ಯಾಂಕ್ಸ್ ಹೇಳು ಮಾರಾಯ.”

ಮೂವರೂ ನೋಡುತ್ತಾ ನಿಂತಿದ್ದರು. ಜಯಪ್ರಕಾಶ ಮಮ್ಮುವಿನ ಫೋನಿನಲ್ಲಿ ‘ಥ್ಯಾಂಕ್ಸ್’ ಎಂದು ಒತ್ತಿ ಕಳುಹಿಸಿದ.