ಬಾಲವಿದ್ದ ಕೆರೆ

ಎಲ್ಲ ರಗಳೆಗೂ ಕಾರಣ ಒಂದು ತೊಟ್ಟು ನೀಲಿ ಮಸಿ. ಅದು ಬಿದ್ದದ್ದು ಇಪ್ಪತ್ತೆರಡು ವರ್ಷಗಳ ಹಿಂದೆ. ಗೆರೆರಾಯರು ಅದರ ಮೇಲೆ ಕಾಲಿಟ್ಟು ಜಾರಿದ್ದು ಮಾತ್ರ ಈ ಶುಕ್ರವಾರ ಬೆಳಿಗ್ಗೆ, ಇನ್ನೂ ಹಲ್ಲುಜ್ಜಿ ಮುಗಿಯುವ ಮೊದಲು.

ಗೆರೆರಾಯರು ನಕ್ಷೆ ಕಚೇರಿಯಲ್ಲಿ ನಕ್ಷೆ ಬರೆಯುವವರು. ಮನೆಯವರು ಇಟ್ಟ ಹೆಸರು ಬೇರೆಯೇ ಇತ್ತು. ಬೆಟ್ಟಕ್ಕೆ ಕಂದು ಗೆರೆ, ದಾರಿಗೆ ಕಪ್ಪು ಗೆರೆ, ನದಿಗೆ ನೀಲಿ ಗೆರೆ ಎಂದು ಮೂವತ್ತು ವರ್ಷ ಎಳೆದೂ ಎಳೆದೂ ಬೀದಿಯವರ ಬಾಯಲ್ಲಿ ಈ ಹೆಸರೇ ಉಳಿದುಬಿಟ್ಟಿತ್ತು. ತಾವು ಬರೆದ ಬೆಟ್ಟಗಳಲ್ಲಿ ಒಂದನ್ನಾದರೂ ಅವರು ಹತ್ತಿದವರಲ್ಲ. ಕಚೇರಿಯ ಮಹಡಿ ಮೆಟ್ಟಿಲಿಗೇ ಅವರಿಗೆ ಏದುಸಿರು ಬರುತ್ತಿತ್ತು.

ಅಕ್ಕ, ಭಾವ ಮತ್ತು ಅವರ ಮಗಳು ದೂರದಿಂದ ಬಂದು, ಬೆನ್ನುಚೀಲ ಹೊತ್ತು ದಕ್ಷಿಣವನ್ನೆಲ್ಲ ಸುತ್ತುತ್ತಿದ್ದರು. ಹನ್ನೆರಡು ದಿನ ಕಾಡು, ಕಡಲು, ಕಣಿವೆ ನೋಡಿ ಗುರುವಾರ ಸಂಜೆ ತಮ್ಮನ ಮನೆಗೆ ಬಂದಿಳಿದಿದ್ದರು. ಭಾವನವರ ಚೀಲವಂತೂ ಬಾಗಿಲಲ್ಲಿ ತೂರಲಿಲ್ಲ. ಮನೆಯನ್ನೇ ಬೆನ್ನಿಗೆ ಕಟ್ಟಿಕೊಂಡ ಬಸವನಹುಳುವಿನಂತೆ ಅವರು ಅಡ್ಡಡ್ಡಲಾಗಿ ಒಳಗೆ ಬಂದಿದ್ದರು.

ಬೆಳಿಗ್ಗೆ ಊಟದ ಮೇಜಿನ ಮೇಲೆ ಹಳೆಯ ನಕ್ಷೆಯೊಂದು ಹರಡಿತ್ತು. ಸವೆದ ಮಡಿಕೆಗಳಿಗೆ ಹಿಂಬದಿಯಿಂದ ಬಟ್ಟೆಯ ಪಟ್ಟಿ ಅಂಟಿಸಿದ್ದರು. ಅಕ್ಕನ ಮಗಳು ಅದರ ಒಂದು ಮೂಲೆಯ ಮೇಲೆ ಬೆರಳಿಟ್ಟುಕೊಂಡು ಕೂತಿದ್ದಳು.

"ಮಾಮ, ಇವತ್ತು ನನ್ನ ಕೆರೆಗೆ ಹೋಗೋಣ."

ಬಾಯಲ್ಲಿದ್ದ ಪೇಸ್ಟಿನ ನೊರೆಯನ್ನು ರಾಯರು ನುಂಗಿಬಿಟ್ಟರು. "ಯಾವ ಕೆರೆ ಪುಟ್ಟಾ?"

"ಅದೇನೋ ಹಾಗೆ ಕೇಳ್ತೀಯ?" ಎಂದರು ಅಕ್ಕ. "ಇವಳು ಹುಟ್ಟಿದಾಗ ನೀನೇ ತಾನೇ ನಕ್ಷೆ ಕಳಿಸಿ ಬರೆದದ್ದು? 'ಮಗು ಹುಟ್ಟಿದ ದಿನವೇ ನನ್ನ ಕಣ್ಣಿಗೆ ಬಿದ್ದ ಕೆರೆ, ಇದು ಅವಳದೇ' ಅಂತ? ತೊಟ್ಟಿಲ ಮೇಲೆ ತೂಗುಹಾಕಿದ್ದೆ ಕಣೋ. ಇವಳು ಅಮ್ಮ ಅನ್ನೋ ಮೊದಲು ಕೆರೆ ಅಂದಳು." ಅಕ್ಕ ಮಂಡಿ ನೀವಿಕೊಂಡರು. "ಈ ಚೀಲ ಹೊತ್ತು ಹೊರಟದ್ದೇ ಅದನ್ನ ನೋಡೋಕೆ. ಮಂಡಿ ಈಗಲೇ ಕಿರುಗುಟ್ತಿದೆ. ಇನ್ನೊಂದು ಸಲ ನನ್ನಿಂದ ಆಗುತ್ತೋ ಇಲ್ವೋ."

ರಾಯರು ಉಜ್ಜಿದ ಹಲ್ಲನ್ನೇ ಮತ್ತೆ ಉಜ್ಜತೊಡಗಿದರು.

ಏಕೆಂದರೆ ಆ ಜಾಗದಲ್ಲಿ ಕೆರೆಯೇ ಇರಲಿಲ್ಲ. ಆಗ ನಕ್ಷೆಗಳನ್ನು ಕೈಯಲ್ಲೇ ಬರೆಯುತ್ತಿದ್ದರು. ಮುಗಿದ ಹಾಳೆಯ ಮೇಲೆ ಒಂದು ಹನಿ ಮಸಿ ಚೆಲ್ಲಿದರೂ ಇಡೀ ಹಾಳೆಯನ್ನು ಮೊದಲಿನಿಂದ ಬರೆಯಬೇಕೆಂಬುದು ಕಚೇರಿಯ ನಿಯಮ. ಅಂದರೆ ನಾಲ್ಕು ತಿಂಗಳ ಕೆಲಸ. ದಕ್ಷಿಣ ಹಾಳೆಯ ಕೊನೆಯ ನದಿಗೆ ನೀಲಿ ತುಂಬುತ್ತಿದ್ದಾಗ ಯಾರೋ ಬಾಗಿಲಲ್ಲಿ ನಿಂತು, "ನಿಮ್ಮ ಅಕ್ಕನಿಗೆ ಹೆಣ್ಣುಮಗುವಂತೆ!" ಎಂದು ಕೂಗಿದರು. ರಾಯರು ಸಂತೋಷಕ್ಕೆ ಜಿಗಿದರು. ಕೈಯಲ್ಲಿದ್ದ ಲೇಖನಿಯೂ ಜಿಗಿಯಿತು. ಬೋಳು ಬೆಟ್ಟಗಳ ನಡುವಿನ ತಗ್ಗಿನಲ್ಲಿ ಬಟಾಣಿಯಷ್ಟು ನೀಲಿ ಬಿತ್ತು. ಒರೆಸಲು ಹೋದ ಅಂಗಿಯ ತೋಳು ಅದಕ್ಕೊಂದು ಬಾಲವನ್ನೂ ಎಳೆಯಿತು. ರಾಯರು ಆಚೆ ಈಚೆ ನೋಡಿ, ಅದರ ಸುತ್ತ ತೆಳ್ಳಗೊಂದು ದಂಡೆ ಬರೆದರು. ಮಸಿ ಕೆರೆಯಾಯಿತು. ಆ ಹುಮ್ಮಸ್ಸಿನಲ್ಲೇ ಅಕ್ಕನಿಗೆ ಕಾಗದವನ್ನೂ ಬರೆದರು.

ಕಲೆಯಾದ ಅಂಗಿಯನ್ನು ಒಗೆದ ಹೆಂಡತಿಯೊಬ್ಬರಿಗೇ ಇದು ಗೊತ್ತಿದ್ದದ್ದು. ಇಪ್ಪತ್ತೆರಡು ವರ್ಷ ಆಕೆ ಬಾಯಿ ಬಿಟ್ಟಿರಲಿಲ್ಲ. ಈಗಲೂ ಬೆನ್ನು ತಿರುಗಿಸಿ ಲೋಟ ತೊಳೆಯುತ್ತಿದ್ದರು. ಭುಜ ಮಾತ್ರ ಸಣ್ಣಗೆ ಕುಲುಕುತ್ತಿತ್ತು.

"ಅಲ್ಲಿಗೆ ಬಸ್ಸೇ ಇಲ್ಲವಲ್ಲ ಅಕ್ಕ," ಎಂದರು ರಾಯರು, ಮುಖವನ್ನು ಆದಷ್ಟು ಸಪ್ಪೆ ಮಾಡಿಕೊಂಡು.

ಗೋಡೆಗೂ ಕಿವಿಯಿರುತ್ತದೆ ಎನ್ನುತ್ತಾರೆ. ಈ ಗೋಡೆಯ ಕಿವಿ ಪಕ್ಕದ ಮನೆಯ ಕಂಡಕ್ಟರನದು. ಕಿಟಕಿಯಲ್ಲಿ ಅವನ ತಲೆ ಮೂಡಿತು. "ಯಾರ್ ಸಾರ್ ಹೇಳಿದ್ದು ಬಸ್ಸಿಲ್ಲ ಅಂತ? ಎಂಟು ಹತ್ತಕ್ಕೆ ನಂದೇ ಗಾಡಿ. ಮುಂದಿನ ಐದು ಸೀಟು ಹಿಡಿದಿಟ್ಟಿರ್ತೀನಿ. ಅಮ್ಮನೋರು ನಿಧಾನಕ್ಕೆ ಬರಲಿ, ಗಾಡಿ ನಿಲ್ಲಿಸ್ಕೊಂಡಿರ್ತೀನಿ."

ಕೆಟ್ಟವರಿಂದ ತಪ್ಪಿಸಿಕೊಳ್ಳಲು ನೂರು ದಾರಿಗಳಿವೆ. ಒಳ್ಳೆಯವರಿಂದ ತಪ್ಪಿಸಿಕೊಳ್ಳುವುದು ಹೇಗೆಂದು ಯಾವ ನಕ್ಷೆಯಲ್ಲೂ ಇಲ್ಲ.

ರಾಯರು ಬಚ್ಚಲಿಗೆ ಹೋಗಿ, ನಲ್ಲಿ ತಿರುಗಿಸಿ ಸದ್ದು ಮಾಡಿಕೊಂಡು ಕಚೇರಿಯ ಜೊತೆಗಾರನ ಮನೆಗೆ ಫೋನ್ ಹಚ್ಚಿದರು. ಎತ್ತಿಕೊಂಡವನು ಪಕ್ಕದ ಮೇಜಿನ ನಾಳೆಯಪ್ಪ. ಯಾವ ಕೆಲಸ ಹೇಳಿದರೂ 'ನಾಳೆ' ಎನ್ನುತ್ತಿದ್ದುದರಿಂದ ಬಂದ ಹೆಸರು.

"ದಕ್ಷಿಣ ಹಾಳೆ ಹೊಸದಾಗಿ ಅಚ್ಚಿಗೆ ಹೋಗೋದು ಇವತ್ತೇ ಅಲ್ವೇನಯ್ಯಾ? ಅದರಲ್ಲಿ ಬಾಲ ಇರೋ ಕೆರೆ ಒಂದಿದೆ, ಅಳಿಸಿಬಿಡು. ಅಲ್ಲಿ ಕೆರೆ ಇಲ್ಲ. ನಿನ್ನ ದಮ್ಮಯ್ಯ ಅಂತೀನಿ."

ರಾಯರ ಲೆಕ್ಕಾಚಾರ ಇಷ್ಟು: ಬೆಟ್ಟದ ಮೇಲೆ ನಿಂತು 'ಅಯ್ಯೋ, ಕೆರೆ ಬತ್ತಿ ಹೋಯ್ತಲ್ಲ' ಎನ್ನುವುದು. ನಾಳೆ ಹೊಸ ನಕ್ಷೆ ತಂದು, 'ನೋಡು ಪುಟ್ಟಾ, ಇದರಲ್ಲೂ ತೆಗೆದುಬಿಟ್ಟಿದಾರೆ' ಎಂದು ತೋರಿಸುವುದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಬಸ್ಸು ಊರು ದಾಟಿ ಮೇಲೇರತೊಡಗಿತು. ಅಕ್ಕ ಕಿಟಕಿಗೆ ಹಣೆಯೊತ್ತಿ, "ಅಬ್ಬಾ, ಅಬ್ಬಾ" ಎನ್ನುತ್ತಿದ್ದರು. ಹನ್ನೆರಡು ದಿನ ನೋಡಿಯೂ ಅವರ ಅಬ್ಬಾ ಖಾಲಿಯಾಗಿರಲಿಲ್ಲ. ತಪ್ಪಿಸಿಕೊಳ್ಳುವ ಉಪಾಯ ಹುಡುಕುತ್ತಿದ್ದ ರಾಯರು ಒಮ್ಮೆ ತಲೆಯೆತ್ತಿದವರು ಹಾಗೆಯೇ ಉಳಿದರು. ಅವರು ಕಂದು ಮಸಿಯಲ್ಲಿ, ಒಂದರ ಪಕ್ಕ ಒಂದು, ಕಣ್ಣು ನೋಯಿಸಿಕೊಂಡು ಎಳೆದ ಗೆರೆಗಳೆಲ್ಲ ಎದ್ದು ನಿಂತಿದ್ದವು. ಗೆರೆ ಒತ್ತೊತ್ತಾಗಿದ್ದ ಕಡೆ ಬಂಡೆ ನೆಟ್ಟಗೆ ಆಕಾಶಕ್ಕೆ ಹೋಗಿತ್ತು. ಗೆರೆ ದೂರದೂರವಿದ್ದ ಕಡೆ ಹುಲ್ಲು ಮಲಗಿತ್ತು. ಅದರ ಮೇಲೆ ಮೋಡದ ನೆರಳು ನಡೆಯುತ್ತಿತ್ತು. ಅದನ್ನು ಯಾರೂ ಅವರಿಗೆ ಹೇಳಿರಲಿಲ್ಲ.

"ಇಷ್ಟು ದೊಡ್ಡದಾ?" ಎಂದರು ತಮ್ಮಷ್ಟಕ್ಕೆ.

"ಏನು?" ಎಂದರು ಹೆಂಡತಿ.

"ಏನಿಲ್ಲ."

ಬಸ್‌ಸ್ಟಾಪಿನಿಂದ ಬೆಟ್ಟದ ಬುಡಕ್ಕೆ ಒಂದು ಗಂಟೆ ನಡೆಯಬೇಕು. ಅಕ್ಕನ ಮಂಡಿಯ ಹೆಸರಲ್ಲಿ ಹಿಂತಿರುಗಬಹುದೆಂದು ರಾಯರು ಆಸೆಯಿಟ್ಟುಕೊಂಡಿದ್ದರು. ಅಕ್ಕ ಮಂಡಿ ಹಿಡಿದದ್ದನ್ನು ಕನ್ನಡಿಯಲ್ಲಿ ಕಂಡ ಡ್ರೈವರ್ ಮಾತಿಲ್ಲದೆ ಗಾಡಿಯನ್ನು ಸ್ಟಾಪಿನಿಂದ ಮುಂದಕ್ಕೊಯ್ದು ಬುಡದಲ್ಲೇ ನಿಲ್ಲಿಸಿದ. ಹಿಂದಿನ ಸೀಟಿನವರೊಬ್ಬರೂ ಗೊಣಗಲಿಲ್ಲ. ಗೊಣಗಿದ್ದರೆ ರಾಯರು ಅವರಿಗೆ ಋಣಿಯಾಗಿರುತ್ತಿದ್ದರು.

ಬುಡದಲ್ಲಿ ಇಟ್ಟಿಗೆ ಗೂಡು. ಅಲ್ಲಿನ ಹೆಂಗಸು ಭಾವನವರ ಚೀಲವನ್ನೂ ಬೆವರನ್ನೂ ನೋಡಿ, ತನ್ನ ಕತ್ತೆಯನ್ನು ಬಿಚ್ಚಿ ತಂದಳು. "ಇದರ ಮೇಲೆ ಹಾಕಿ ಅಣ್ಣ. ಮೇಲೆ ಇಳಿಸಿಕೊಂಡು ಬಿಟ್ಟುಬಿಡಿ, ತಾನೇ ವಾಪಸ್ ಬರುತ್ತೆ. ಹೇಗೂ ಅದು ಹೋಗೋ ಹೊತ್ತೇ."

"ಇದು ಯಾಕಮ್ಮ ದಿನಾ ಮೇಲೆ ಹೋಗುತ್ತೆ?" ಎಂದು ಭಾವನವರು ಕೇಳಿದರು. ಆಕೆ ಅಷ್ಟರಲ್ಲಿ ಗೂಡಿನತ್ತ ಓಡಿಯಾಗಿತ್ತು.

ಅರ್ಧ ದಾರಿಯಲ್ಲಿ ಹಾದಿ ಕವಲೊಡೆಯಿತು. ಬಲಕ್ಕೆ ಹೋದರೆ ತಗ್ಗು. ರಾಯರು ಧೈರ್ಯವಾಗಿ ಎಡಕ್ಕೆ ಕೈ ತೋರಿಸಿದರು. "ಹೀಗೇ. ನನಗೆ ಚೆನ್ನಾಗಿ ನೆನಪಿದೆ."

ಕತ್ತೆ ಅವರ ಮುಖವನ್ನೊಮ್ಮೆ ನೋಡಿ, ಬಲಕ್ಕೆ ಹೊರಟಿತು. ಚೀಲ ಅದರ ಮೇಲಿತ್ತು. ಚೀಲದಲ್ಲಿ ಎಲ್ಲರ ನೀರು, ಬುತ್ತಿ ಇದ್ದವು. ಮೂವತ್ತು ವರ್ಷ ಲೋಕಕ್ಕೆ ದಾರಿ ಬರೆದುಕೊಟ್ಟವರು ಕತ್ತೆಯ ಬಾಲ ನೋಡಿಕೊಂಡು ನಡೆದರು.

ಇನ್ನೇನು ನೆತ್ತಿ ಬರುತ್ತದೆ ಎನ್ನುವಾಗ ರಾಯರ ಎದೆ ಸೋತಿತು. ಅಕ್ಕನ ಮಗಳು ಮುಂದೆ ಜಿಗಿದು ಹೋಗಿದ್ದಳು. ಅಕ್ಕ ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ತಮ್ಮನ ಹೆಗಲು ಹಿಡಿದು ಹತ್ತುತ್ತಿದ್ದರು. ಹಗುರವಾದ ಕೈ. ರಾಯರನ್ನು ಶಾಲೆಗೆ ಎಳೆದುಕೊಂಡು ಹೋಗುತ್ತಿದ್ದ ಕೈ.

"ಅಕ್ಕ, ನಿನಗೊಂದು ಮಾತು ಹೇಳಬೇಕು. ಬೈಬೇಡ. ಆ ಕೆರೆ ಇದೆಯಲ್ಲ, ಅದು—"

"ಮಾಮಾ!" ಮೇಲಿನಿಂದ ಕೂಗು ಬಂತು. "ಮಾಮಾ, ಬಾಲ ಕೂಡ ಇದೆ!"

ರಾಯರು ಉಳಿದ ದಾರಿಯನ್ನು ಹೇಗೆ ಹತ್ತಿದರೋ ಅವರಿಗೇ ತಿಳಿಯದು.

ಕೆಳಗೆ ತಗ್ಗಿನಲ್ಲಿ ಅವರ ಮಸಿಯ ತೊಟ್ಟು ಬಿದ್ದುಕೊಂಡಿತ್ತು. ಅದೇ ನೀಲಿ, ಅದೇ ಸೊಟ್ಟ. ಎಡಗಡೆ ಉಬ್ಬು, ಬಲಗಡೆ ಚಪ್ಪಟೆ. ಅಂಗಿಯ ತೋಳು ಎಳೆದ ಗೀರು ಉದ್ದನೆಯ ಕಾಲುವೆಯಾಗಿ, ಅದರಲ್ಲಿ ಬಾತುಕೋಳಿಗಳು ಸಾಲಾಗಿ ಹೋಗುತ್ತಿದ್ದವು. ನೀರಿನಲ್ಲಿ ಇನ್ನೊಂದು ಆಕಾಶವಿತ್ತು. ಕತ್ತೆ ಇಳಿದುಹೋಗಿ, ಆಕಾಶಕ್ಕೆ ಬಾಯಿಟ್ಟು ಕುಡಿಯಿತು.

ಅಕ್ಕನಿಗೆ ಅಬ್ಬಾ ಕೂಡ ಬರಲಿಲ್ಲ.

ಹೆಂಡತಿ ಪಕ್ಕಕ್ಕೆ ಬಂದು ಪಿಸುಗುಟ್ಟಿದರು, "ರೀ, ಆ ಅಂಗಿ ನಾನಿನ್ನೂ ಎಸೆದಿಲ್ಲ. ಕಲೆ ಹೀಗೇ ಇದೆ."

ದಂಡೆಯ ಮೇಲೆ ಗಿಡಕ್ಕೆ ನೀರು ಹಾಕುತ್ತಿದ್ದ ವಯಸ್ಸಾದ ಮೇಷ್ಟ್ರು ಬಂದವರನ್ನು ಕೂರಿಸಿ, ತಾವು ನಿಂತುಕೊಂಡೇ ಕತೆ ಹೇಳಿದರು. "ಬಾವಿಗಳು ಬತ್ತಿ ಊರೇ ಖಾಲಿಯಾಗೋ ಹಾಗಿತ್ತು. ಒಂದು ದಿನ ಶಾಲೆ ಗೋಡೆ ಮೇಲಿನ ನಕ್ಷೆ ನೋಡ್ತೀನಿ, ನಮ್ಮ ತಗ್ಗಿನಲ್ಲೇ ಕೆರೆ! ನಕ್ಷೆ ಸುಳ್ಳು ಹೇಳುತ್ತಾ? ಹಿಂದೆಂದೋ ಇದ್ದದ್ದು ಹೂಳು ತುಂಬಿ ಮುಚ್ಚಿಹೋಗಿರಬೇಕು ಅಂದ್ಕೊಂಡು ಅಳತೆ ತೆಗೆದು ಅಗೆದ್ವಿ. ನಾಲ್ಕು ಬೇಸಿಗೆ. ಬಾಲ ಬೇಡ ಅಂದೋರೂ ಇದ್ದರು. ನಾನೇ ಬಿಡಲಿಲ್ಲ. ಬರೆದೋರು ಸುಮ್ಮನೆ ಬರೀತಾರಾ? ಕೊನೆಗೆ ನೋಡಿದರೆ ಬೆಟ್ಟದ ಮಳೆನೀರೆಲ್ಲ ಇಳಿದು ಬರೋದು ಆ ಬಾಲದಲ್ಲೇ!"

"ಇವನೇ ಬರೆದದ್ದು," ಎಂದರು ಅಕ್ಕ. ಆ ಎರಡು ಮಾತಿನಲ್ಲಿ ಇಪ್ಪತ್ತೆರಡು ವರ್ಷದ ಹೆಮ್ಮೆಯಿತ್ತು.

ಮೇಷ್ಟ್ರು ರಾಯರ ಎರಡೂ ಕೈ ಹಿಡಿದುಕೊಂಡರು. ಕಣ್ಣು ತುಂಬಿತ್ತು. "ಹೊಸ ನಕ್ಷೆ ಬರುತ್ತಂತಲ್ಲ ಸಾರ್. ನಾವು ಅಗೆದ ಕೆರೆ ಅದರಲ್ಲಿ ಹೇಗೆ ಕಾಣುತ್ತೋ ಅಂತ ಮಕ್ಕಳೆಲ್ಲ ಕಾಯ್ತಾ ಇದಾರೆ."

ರಾಯರ ಜೇಬು ಅಲುಗಿತು. ಫೋನ್.

"ರಾಯರೇ, ಕೆಲಸ ಆಯ್ತು!" ಎಂದ ನಾಳೆಯಪ್ಪ.

"ಬೇಡ, ಬೇಡ! ನಾಳೆ ಮಾಡು!"

"ನಾಳೆ ಏನು? ಮೂವತ್ತು ವರ್ಷದಲ್ಲಿ ಮೊದಲನೇ ಸಲ ನೀವು ನನ್ನ ಹತ್ರ ಒಂದು ಸಹಾಯ ಕೇಳಿದ್ರಿ, ಅದೂ ಅಳೋ ದನಿಯಲ್ಲಿ. ಊಟಕ್ಕೂ ಏಳದೆ ಕೂತು ಅಳಿಸಿದೀನಿ. ಬಾಲದ ತುದಿ ಕೂಡ ಉಳಿದಿಲ್ಲ. ಐದು ಸಾವಿರ ಪ್ರತಿ ಅಚ್ಚಾಗಿ ಹೋಯ್ತು."

"ಮತ್ತೆ ಒಂದು ತೊಟ್ಟು ಮಸಿ ಬೀಳಿಸೋಕಾಗಲ್ವೇನಯ್ಯಾ?" ರಾಯರ ದನಿ ಬಾತುಕೋಳಿಯಂತಾಗಿತ್ತು.

"ಕಂಪ್ಯೂಟರಲ್ಲಿ ಎಲ್ಲಿಂದ ಬರುತ್ತೆ ಮಸಿ? ಇನ್ನೂ ಒಂದು ಸಂತೋಷದ ಸುದ್ದಿ. ನಿಮ್ಮ ತಪ್ಪನ್ನ ನೀವೇ ಒಪ್ಪಿಕೊಂಡ್ರಿ ಅಂತ ಸಾಹೇಬರಿಗೆ ಹೇಳಿದೆ. ಎಷ್ಟು ಮೆಚ್ಚಿಕೊಂಡರು ಅಂತೀರಿ! ಸೋಮವಾರ ನಿಮ್ಮನ್ನ ಕರ್ಕೊಂಡು ಆ ಜಾಗಕ್ಕೇ ಬರ್ತಾರಂತೆ. ಅಲ್ಲಿ ಕೆರೆ ಇಲ್ಲ ಅನ್ನೋದನ್ನ ನೀವೇ ನಿಂತು ತೋರಿಸ್ಬೇಕಂತೆ."

ರಾಯರು ಇಂಗು ತಿಂದ ಮಂಗನಂತೆ ಫೋನನ್ನೇ ನೋಡುತ್ತ ನಿಂತರು. ನೀರಿನಲ್ಲಿ ಕಾಲಿಟ್ಟು ಕೂತಿದ್ದ ಅಕ್ಕನ ಮಗಳು, "ಬಾ ಮಾಮ, ನಮ್ಮ ಕೆರೆ ಎಷ್ಟು ತಣ್ಣಗಿದೆ ನೋಡು," ಎಂದು ಕರೆಯುತ್ತಿದ್ದಳು.

ಅಷ್ಟರಲ್ಲಿ ಮೇಷ್ಟ್ರು ಶಾಲೆಯಿಂದ ನಕ್ಷೆಯನ್ನೇ ಬಿಚ್ಚಿ ತಂದಿದ್ದರು. ಬಂಡೆಯ ಮೇಲೆ ಹರಡಿ, ಜೇಬಿನಿಂದ ಹಳೆಯ ಶಾಯಿ ಪೆನ್ನು ತೆಗೆದು ಕ್ಯಾಪು ಬಿಚ್ಚಿಕೊಟ್ಟರು. "ಕೆರೆ ಪಕ್ಕದಲ್ಲಿ ನಿಮ್ಮದೊಂದು ರುಜು ಹಾಕಿಕೊಡಿ ಸಾರ್."

ರಾಯರು ಪೆನ್ನು ಹಿಡಿದು ಬಗ್ಗಿದರು. ನಿಬ್ಬು ಕಾಗದ ಮುಟ್ಟುವ ಮೊದಲೇ, ನಕ್ಷೆಯಲ್ಲಿ ಆಚೆ ದಿಣ್ಣೆಯ ನೆತ್ತಿಯ ಮೇಲೆ, ಟಪ್ಪೆಂದು ಒಂದು ತೊಟ್ಟು ನೀಲಿ ಬಿತ್ತು.

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು, ಉಸಿರು ಬಿಗಿಹಿಡಿದು, ಅದನ್ನು ಬಹಳ ಹೊತ್ತು ನೋಡಿದರು. ಆಮೇಲೆ ಊರಿನ ಕಡೆಗೆ ತಿರುಗಿ ಕೈಯೆತ್ತಿ ಕೂಗಿದರು:

"ಗುದ್ದಲಿ ತನ್ರೋ! ಸಾರ್ ಇನ್ನೊಂದು ತೋರಿಸಿದಾರೆ!"