ಅರ್ಹತೆಗೆ ತಕ್ಕ ಅವರೆಕಾಳು

ಇನ್ನೊಬ್ಬರು ಯಾವ ಕೆಲಸಕ್ಕೆ ಸೇರಬೇಕು ಎಂದು ಹೇಳುವುದು ನನಗೆ ಬಹಳ ಇಷ್ಟ. ನಾನೇ ಕೆಲಸದಲ್ಲಿದ್ದಾಗ ಇದಕ್ಕೆ ಬಿಡುವಿರಲಿಲ್ಲ. ಸರ್ಕಾರಿ ಕಚೇರಿಯಿಂದ ಸೂಪರಿಂಟೆಂಡೆಂಟಾಗಿ ನಿವೃತ್ತನಾದ ಮೇಲೆ, ಉಪ್ಪಾರಹಳ್ಳಿಯ ನಮ್ಮ ಮನೆಯ ವೆರಾಂಡದಲ್ಲಿ ಕುರ್ಚಿ ಹಾಕಿಕೊಂಡು ಕೂತರೆ ಸಾಕು, ಬೀದಿಯಲ್ಲಿ ಹೋಗುವ ಅಷ್ಟೂ ಜನಕ್ಕೆ ಯಾವ ಕೆಲಸ ಹೊಂದುತ್ತದೆ ಎಂದು ಹೊಳೆಯುತ್ತಿರುತ್ತದೆ.

ಸದ್ಯ ಕೈಗೆ ಸಿಕ್ಕಿರುವವಳು ನಮ್ಮ ಅಕ್ಕನ ಮಗಳು ಪಲ್ಲವಿ. ಮಾರ್ಕೋನಹಳ್ಳಿ ಕಡೆಯ ಹುಡುಗಿ, ಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ. ಮುಗಿಸಿ, ನಮ್ಮ ಮನೆಯಲ್ಲಿದ್ದುಕೊಂಡು ಲ್ಯಾಬ್ ಕೆಲಸ ಹುಡುಕುತ್ತಿದ್ದಾಳೆ. ಸರ್ಕಾರದ ನಿರುದ್ಯೋಗ ಭತ್ಯೆ ಬರುತ್ತದೆ. ಅದಕ್ಕಾಗಿ ಆಗಾಗ ತನಗೆ ಇನ್ನೂ ಕೆಲಸ ಸಿಕ್ಕಿಲ್ಲವೆಂದು ಮೊಬೈಲಿನಲ್ಲಿ ಘೋಷಿಸಬೇಕು. ನಾನೂ ಅಷ್ಟೇ, ನವೆಂಬರ್ ಬಂತೆಂದರೆ ಪಿಂಚಣಿಗಾಗಿ ಇನ್ನೂ ಬದುಕಿದ್ದೇನೆಂದು ಘೋಷಿಸಬೇಕು. ಎರಡನ್ನೂ ಮೊಬೈಲಿನಲ್ಲಿ ಒತ್ತುವವಳು ಅವಳೇ. "ಮಾವ, ಸ್ವಲ್ಪ ಕಣ್ಣು ಮಿಟುಕ್ಸಿ, ಇಲ್ದಿದ್ರೆ ಇದು ನಂಬಲ್ಲ" ಎನ್ನುತ್ತಾಳೆ, ಮೊಬೈಲಿನ ಕ್ಯಾಮೆರಾವನ್ನು ನನ್ನ ಮುಖಕ್ಕೆ ಹಿಡಿದು.

ಹೀಗಿರುವಾಗ ಗುಬ್ಬಿಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಗೆಳೆಯ ರೇಣುಕಪ್ಪ ಫೋನ್ ಮಾಡಿ, ಸೀರೆ ತೋರಿಸಲು ಒಬ್ಬ ಹುಡುಗಿ ಬೇಕು, ಸಂಜೆಯೊಳಗೆ ಹೇಳು ಎಂದ. ನನಗೆ ಹಬ್ಬವಾಯಿತು. ತಕ್ಷಣ ಅಕ್ಕನಿಗೆ ತಿಳಿಸಿದೆ. "ನೀನ್ ಹೇಳ್ದಂಗೇ ಕಣೋ. ಹೋಗು ಅಂದ್ರೆ ಹೋಗ್ತಾಳೆ, ಬ್ಯಾಡ ಅಂದ್ರೆ ಬುಡ್ತಾಳೆ" ಎಂದು ಅವಳು ಮಗಳ ಭವಿಷ್ಯವನ್ನು ನನ್ನ ಕೈಗಿಟ್ಟುಬಿಟ್ಟಳು. ನಿವೃತ್ತಿಯಾದ ಮೇಲೆ ಇಷ್ಟು ಅಧಿಕಾರವನ್ನು ನನಗೆ ಯಾರೂ ಕೊಟ್ಟಿರಲಿಲ್ಲ.

ಪಲ್ಲವಿಯನ್ನು ಕರೆದು ವಿಷಯ ಹೇಳಿದೆ. "ಸೀರೆ ತೋರ್ಸೋದ್ರಲ್ಲಿ ನಂಗೇನೂ ಅವಮಾನ ಇಲ್ಲ ಮಾವ. ಆದ್ರೆ ಬೆಳಗ್ಗೆ ಬಸ್ ಹತ್ತಿ ರಾತ್ರಿ ಇಳಿದ್ರೆ ಇಂಟರ್‌ವ್ಯೂಗೆ ಹೋಗೋದ್ಯಾವಾಗ? ಓದಿದ್ದೆಲ್ಲಾ ಮರ್ತೇ ಹೋಗುತ್ತೆ" ಎಂದಳು. ದನಿ ಸಣ್ಣಗಾಗಿತ್ತು. ಅದಕ್ಕೆಲ್ಲ ಕರಗುವ ಆಸಾಮಿ ನಾನಲ್ಲ. "ನೋಡಮ್ಮ, ಸರ್ಕಾರದ ದುಡ್ಡು ತಗೊಂಡು ಮನೇಲಿ ಕೂತೋರು ಈ ಕೆಲ್ಸ ಬೇಕು, ಆ ಕೆಲ್ಸ ಬೇಡ ಅನ್ಬಾರ್ದು. ಬಂದಿದ್ದನ್ನ ಒಪ್ಕೋಬೇಕು" ಎಂದೆ. ಕಡತಗಳ ಮೇಲೆ ಟಿಪ್ಪಣಿ ಬರೆದೇ ವಯಸ್ಸು ಕಳೆದವನ ವಾಕ್ಯ, ತಿದ್ದುವ ಹಾಗಿರಲಿಲ್ಲ.

ನನ್ನ ಹೆಂಡತಿ ಗಿರಿಜ ಅಷ್ಟು ಹೊತ್ತೂ ಪಕ್ಕದಲ್ಲಿ ನೆನೆಸಿದ ಅವರೆಕಾಳು ಹಿದುಕುತ್ತಾ ಕೂತಿದ್ದಳು. ಹಿದುಕಿದ ಬೇಳೆ ಸಾರೆಂದರೆ ನಾನು ತಟ್ಟೆ ಬಿಟ್ಟು ಏಳುವುದಿಲ್ಲ. ಆದರೆ ಆ ಕಾಳನ್ನು ಒಂದೊಂದಾಗಿ ಒತ್ತಿ ಸಿಪ್ಪೆ ಬಿಡಿಸುವ ಗೋಜಿಗೆ ಈವರೆಗೆ ಹೋದವನಲ್ಲ. ಅವಳು ಬೋಗುಣಿಯನ್ನು ನನ್ನ ಮುಂದಕ್ಕೆ ತಳ್ಳಿದಳು.

"ನೀವೂ ಸರ್ಕಾರದ ದುಡ್ಡು ತಗೊಂಡು ಮನೇಲೇ ಕೂತಿದೀರಲ್ಲ. ತಗೊಳಿ, ಕೆಲ್ಸ ಬಂದಿದೆ."

"ಏನೇ ಇದು! ಸೂಪರಿಂಟೆಂಡೆಂಟ್ ಆಗಿದ್ದೋನು ಕಣೇ ನಾನು. ಇದಾ ನನ್ ಅರ್ಹತೆಗೆ ತಕ್ಕ ಕೆಲ್ಸ?" ಎಂದು ಗುಡುಗಿದೆ.

ಗಿರಿಜ ಪಲ್ಲವಿಯನ್ನು ನೋಡಿದಳು. ಪಲ್ಲವಿ ದುಪಟ್ಟಾವನ್ನು ಬಾಯಿಗೆ ಅಡ್ಡ ಹಿಡಿದಳು. ಅವಳು ಸಂಕೋಚದಿಂದ ನುಂಗಿಕೊಂಡಿದ್ದ ಮಾತನ್ನು ಬೀದಿಗೆ ಕೇಳುವಂತೆ ನಾನೇ ಆಡಿಬಿಟ್ಟಿದ್ದೆ. ನನಗೆ ನಾಚಿಕೆಯಾಯಿತು. ಪಿಂಚಣಿ ನಾನು ದುಡಿದು ಪಡೆದದ್ದು, ಭತ್ಯೆ ಹಾಗಲ್ಲ ಎಂಬ ಒಳ್ಳೆಯ ವಾದವೊಂದು ಆಮೇಲೆ ಹೊಳೆಯಿತು. ಅಷ್ಟರಲ್ಲಿ ಬೋಗುಣಿ ನನ್ನ ತೊಡೆಯ ಮೇಲಿತ್ತು.

ಸಂಜೆ ರೇಣುಕಪ್ಪನಿಗೆ ಫೋನ್ ಮಾಡಿ, ಹುಡುಗಿ ಬರುವುದಿಲ್ಲ, ಲ್ಯಾಬ್ ಕೆಲಸಕ್ಕೇ ಪ್ರಯತ್ನ ಮಾಡುತ್ತಾಳೆ ಎಂದೆ. "ಸರ್ಕಾರದ ದುಡ್ಡು ತಿನ್ನೋರೆಲ್ಲಾ ಹಿಂಗೇ ಕಣೋ" ಎಂದು ಅವನು ಗೊಣಗಿದ. "ಹಿಂಗೇ ಕಣೋ" ಎಂದೆ, ಬೆರಳಿಗಂಟಿದ ಸಿಪ್ಪೆ ಒರೆಸಿಕೊಳ್ಳುತ್ತಾ.

ಪಲ್ಲವಿ ಈಗ ಒಳಗೆ ಓದುತ್ತಿದ್ದಾಳೆ. ನಾನು ವೆರಾಂಡದಲ್ಲಿ ಅವರೆಕಾಳು ಹಿದುಕುತ್ತಿದ್ದೇನೆ. ಅರ್ಹತೆಗೆ ತಕ್ಕ ಕೆಲಸ ಸಿಗುವ ತನಕ ಮಾತ್ರ.