ಹೆಬ್ಬೆರಳಿನ ವೃತ್ತಿಧರ್ಮ

ಮನುಷ್ಯರು ಬೆನ್ನು ಮೇಲೆ ಮಾಡಿ ಮಲಗಿದರೆ ಸಾಕು, ಏನಾದರೊಂದು ತಮಾಷೆ ನಡೆದೇ ನಡೆಯುತ್ತದೆ. ಮಂಡ್ಯದಲ್ಲಿ ನನ್ನದೊಂದು ಶಿಯಾತ್ಸು ಕೋಣೆ ಇದೆ. ವಾರದಲ್ಲಿ ಒಂದು ದಿನ ಮದ್ದೂರಿಗೆ, ಇನ್ನೊಂದು ದಿನ ಮಳವಳ್ಳಿಗೂ ಹೋಗಿಬರುತ್ತೇನೆ. ಶಿಯಾತ್ಸು ಅಂದರೆ ಜಪಾನಿನ ಕಡೆಯ ವಿದ್ಯೆ. ಎಣ್ಣೆ ಇಲ್ಲ, ಬಟ್ಟೆ ತೆಗೆಯುವಂತಿಲ್ಲ. ನೆಲದ ಮೇಲೆ ಹಾಸಿದ ದಪ್ಪ ಹಾಸಿಗೆಯಲ್ಲಿ ಮಲಗಿದವರ ಮೈಯನ್ನು ಹೆಬ್ಬೆರಳಿನಿಂದ, ಅಂಗೈಯಿಂದ ಒತ್ತುವುದು, ಅಷ್ಟೇ. ನನಗೆ ಕಲಿಸಿದ ಮೇಡಮ್ಮು ಕೈಗೆ ಎಷ್ಟು ಪಾಠ ಹೇಳಿದರೋ ಬಾಯಿಗೂ ಅಷ್ಟೇ ಹೇಳಿದರು: ಬಂದವರ ವಿಷಯ ಹೊರಗೆ ಹೋಗಬಾರದು. ಹಾಗಾಗಿ ಇಲ್ಲಿ ಯಾರ ಹೆಸರೂ ಇಲ್ಲ. ಊರುಗಳನ್ನೂ ಒಂದಿಷ್ಟು ಅದಲುಬದಲು ಮಾಡಿದ್ದೇನೆ. ಬೆನ್ನುಗಳು ಮಾತ್ರ ನಿಜ.

ಒತ್ತೋದು ಹೆಂಗೆ?

ಬೋರ್ಡು ಹಾಕಿದ ಹೊಸದರಲ್ಲಿ ಯಲಿಯೂರು ಕಡೆಯ ಯಜಮಾನರೊಬ್ಬರು ಬಂದರು. ಊರಲ್ಲಿ ಸ್ವಂತ ಆಲೆಮನೆ, ಅಚ್ಚುಬೆಲ್ಲದ ವ್ಯಾಪಾರ.

"ಇದೇಯಾ ಸೀಯಚ್ಚು?" ಅಂದರು. ನಮ್ಮ ಕಡೆಯ ನಾಲಿಗೆಗೆ ಶಿಯಾತ್ಸು ಹೊರಳುವುದೇ ಹೀಗೆ ಅಂದುಕೊಂಡು ಹೌದೆಂದೆ.

"ಒತ್ತೋದು ಕೈಲೋ, ಮಿಸಿನ್ನಲ್ಲೋ?"

"ಕೈಯಲ್ಲೇ. ಹೆಬ್ಬೆರಳಲ್ಲಿ."

"ಎಬ್ಬೆಟ್ಟಲ್ಲೇಯಾ!" ಅವರ ಕಣ್ಣು ಅಗಲವಾಯಿತು. "ದಿನಕ್ಕೆ ಎಷ್ಟು ಒತ್ತೀರಿ?"

"ನಾಲ್ಕು. ಬಹಳ ಅಂದರೆ ಐದು."

"ಬರೀ ನಾಕಾ? ಒಂದುಕ್ಕೆ ಎಷ್ಟೊತ್ತು ಬೇಕು?"

"ಒಂದು ಗಂಟೆ."

ಅವರು ಅಯ್ಯೋ ಪಾಪ ಅನ್ನುವಂತೆ ನನ್ನನ್ನು ನೋಡಿದರು. "ಬಿಸಿ ಇರುವಾಗ್ಲೇ ಒತ್ತೀರೋ, ಆರುದ್ಮೇಲೋ?"

ಜ್ವರದ ಮಾತು ಅಂದುಕೊಂಡೆ. ಈ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. "ಬಿಸಿ ಇದ್ದರೆ ಮುಟ್ಟುವುದೇ ಇಲ್ಲ. ನೇರವಾಗಿ ಡಾಕ್ಟರ ಹತ್ತಿರ ಕಳಿಸಿಬಿಡುತ್ತೇನೆ."

ಯಜಮಾನರು ಹತ್ತಿರಕ್ಕೆ ಸರಿದರು. ಆಮೇಲೆ ಮಗುವಿಗೆ ಹೇಳುವ ಹಾಗೆ ಮೆಲ್ಲಗೆ ಕೇಳಿದರು: "ತಾಯಿ, ಬೆಲ್ಲಾನ ಯಾಕೆ ಡಾಕ್ಟ್ರತ್ರ ಕಳುಸ್ತೀರಿ?"

ಒಂದು ಗುಂಡಿಯನ್ನೂ ಬಿಚ್ಚುವಂತಿಲ್ಲ

ಹಲಗೂರಿನ ಹೆಂಗಸೊಬ್ಬರು ಗಂಡನನ್ನು ಕಳಿಸುವ ಮುಂಚೆ ತಾವೇ ಬಂದು ಮಳವಳ್ಳಿಯ ನನ್ನ ಕೋಣೆಯ ತಪಾಸಣೆ ಮಾಡಿದರು. ಬಾಗಿಲ ಸಂದಿ ನೋಡಿದರು, ದಿಂಬು ಎತ್ತಿ ನೋಡಿದರು, ನನ್ನನ್ನೂ ಅಡಿಯಿಂದ ಮುಡಿಯವರೆಗೆ ನೋಡಿದರು. "ಬಟ್ಟೆ ಹಾಕಿಕೊಂಡೇ ಮಲಗುವುದಮ್ಮಾ, ಒಂದು ಗುಂಡಿಯನ್ನೂ ಬಿಚ್ಚುವಂತಿಲ್ಲ" ಅಂದ ಮೇಲೆ ಸಮಾಧಾನವಾಯಿತು.

ಮುಂದಿನ ವಾರ ಗಂಡ ಬಂದರು. ಸುಡುಸುಡು ಏಪ್ರಿಲ್ ಬಿಸಿಲು. ಮೈಮೇಲೆ ಎರಡು ಅಂಗಿ, ಅದರ ಮೇಲೆ ಸ್ವೆಟರು, ತಲೆಗೆ ಮಂಕಿ ಟೋಪಿ. ಹಿಂದೆ ಹೆಂಡತಿ.

"ಬಟ್ಟೆ ಇರ್ಲಿ ಅಂದ್ರಲ್ಲ, ಅದುಕ್ಕೇಯ" ಅಂದರು ಆಕೆ.

ಒತ್ತುವ ಮುಂಚೆ ಕೇಳಿ ಒತ್ತುವುದು ನಮ್ಮ ಕ್ರಮ. "ಭುಜ ಒತ್ತಲಾ?" ಅಂದೆ.

"ಒತ್ತಿ ಒತ್ತಿ" ಅಂದರು ಹೆಂಡತಿ.

"ನಾನು ಅವರನ್ನು ಕೇಳಿದ್ದು."

ಮಂಕಿ ಟೋಪಿಯೊಳಗಿಂದ ಕ್ಷೀಣವಾದ ದನಿ ಬಂತು: "ಅವ್ಳು ಯೋಳುದ್ಮೇಲೆ ಮುಗೀತು ಬುಡಿ."

ಒಪ್ಪಿಗೆ ಮಲಗಿದವರ ಬಾಯಿಂದಲೇ ಬರಬೇಕು ಅಂತ ಹೇಳಿ ಆಕೆಯನ್ನು ಹೊರಗೆ ಕೂರಿಸುವಷ್ಟರಲ್ಲಿ ನನಗೇ ಬೆನ್ನು ನೋವು ಬಂತು. ಬಾಗಿಲು ಹಾಕಿ, "ಈಗ ಹೇಳಿ, ಎಲ್ಲಿ ನೋವು?" ಅಂದೆ.

ಅವರು ಟೋಪಿ ಮೇಲೆತ್ತಿ ಬಾಗಿಲ ಕಡೆ ನೋಡಿ ಪಿಸುಗುಟ್ಟಿದರು. "ಎಲ್ಲೂ ಇಲ್ಲ ಕಣವ್ವ. ಒಂದ್ಗಂಟೆ ಅವ್ಳ ಮಾತು ಕೇಳ್ದೆ ಮನಿಕ್ಕೊಬೇಕಿತ್ತು, ಅಷ್ಟೇಯ."

ಗ್ಯಾರಂಟಿ

ಮಳವಳ್ಳಿಯಲ್ಲೇ ಗ್ಯಾರೇಜು ಇಟ್ಟಿರುವ ಸಾಬರೊಬ್ಬರು ಬಂದಿದ್ದರು. ದಿನವೆಲ್ಲ ಬಗ್ಗಿ ಸ್ಕೂಟರು ರಿಪೇರಿ ಮಾಡಿ ಸೊಂಟ ಹಿಡಿದಿತ್ತು.

"ಮೇಡಂ, ಒಳಗಡೆ ಏನು ಹೋಗಿದೆ ಹೇಳಿ. ಬೇರಿಂಗಾ, ಚೇನಾ?"

"ಹೇಳಲ್ಲ. ಅದು ಡಾಕ್ಟರ ಕೆಲಸ."

"ಮಾತ್ರೆಗೀತ್ರೆ?"

"ಕೊಡಲ್ಲ."

"ವಾಸಿ ಆಗ್ತದೆ ಅಂತ ಗ್ಯಾರಂಟಿ ಆದ್ರೂ?"

"ಅದೂ ಇಲ್ಲ. ಮೈ ಹಗುರಾಗಬಹುದು. ಆಗದೆಯೂ ಇರಬಹುದು."

ಸಾಬರು ಎದ್ದು ಕೂತರು. ಹೊರಟೇಬಿಟ್ಟರೇನೋ ಅಂದುಕೊಂಡೆ. ಹೊರಡಲಿಲ್ಲ. ನನ್ನನ್ನೇ ದಿಟ್ಟಿಸಿ ಕೇಳಿದರು: "ನಮ್ಮ ಗ್ಯಾರೇಜಿಗೆ ಬರ್ತೀರಾ ಮೇಡಂ? ಗಿರಾಕಿ ಎದುರಿಗೆ ಇಷ್ಟು ನಿಯತ್ತಾಗಿ, ಸುಳ್ಳು ಹೇಳದೆ ನಿಲ್ಲೋರು ನನ್ನ ಹತ್ರ ಒಬ್ರೂ ಇಲ್ಲ. ನಾನೂ ಸೇರಿ."

ಹೇಳೋ ಹಾಗಿಲ್ಲ

ಮದ್ದೂರಿನಲ್ಲಿ ಒಬ್ಬ ಗೃಹಿಣಿಯ ಕತ್ತು ಒತ್ತುತ್ತಿದ್ದೆ. ಮನೆಯವರಿಗೆ ತಿಳಿಸದೆ ಬಂದಿದ್ದರು. ನನ್ನ ಫೋನು ಬಡಿದುಕೊಂಡಿತು.

"ನಿಮ್ಮ ಕಾರ್ಡು ಅಡಿಗೆಮನೇಲಿ ಸಿಕ್ತು. ನಮ್ಮ ಮನೆಯೋಳು ಅಲ್ಲಿಗೆ ಬಂದವ್ಳಾ?" ಗಂಡಸಿನ ದನಿ, ಏದುಸಿರು, ಕೋಣೆಗೆಲ್ಲ ಕೇಳುವಷ್ಟು ಜೋರು.

"ಯಾರು ಬಂದಿದ್ದಾರೆ, ಯಾರು ಬಂದಿಲ್ಲ ಅಂತ ಹೇಳೋ ಹಾಗಿಲ್ಲ ಸರ್."

"ಅಯ್ಯೋ, ಮಾತಾಡ್ಬೇಕಿತ್ತು ಕಣಮ್ಮ!"

"ಮಾತಾಡಿಸೋ ಹಾಗೂ ಇಲ್ಲ."

"ಅಲ್ಲಿಲ್ದಿದ್ರೂ ಪರವಾಗಿಲ್ಲ, ಇದೊಂದು ಕೇಳಿ ಯೋಳಿ. ಹಾಲು ಒಲೆ ಮೇಲೆ ಉಕ್ತಾ ಅದೆ. ಈ ಹೊಸ ಗ್ಯಾಸೊಲೇನ ಆರ್ಸೋದು ಯಾವ ಕಡೆ ತಿರುಗಿಸಿ?"

ನಾನು ಬಾಯಿ ತೆರೆಯುವ ಮೊದಲೇ ಹಾಸಿಗೆ ಗುಡುಗಿತು: "ಬಲಗಡೆಗೆ ಕಣ್ರೀ! ಬಲಗಡೆಗೆ!"

ಆ ಕಡೆ ಒಲೆಯ ತಿರುಗುಣಿ ಟಕ್ ಅಂದ ಸದ್ದು. ಆಮೇಲೆ ಆ ಮನುಷ್ಯ ಬಹಳ ಮರ್ಯಾದೆಯಿಂದ ಹೇಳಿದರು: "ಆಯ್ತಮ್ಮ. ಅಲ್ಲಿಲ್ಲ ಅಂತ ಗೊತ್ತಾಯ್ತು. ಇಡ್ತೀನಿ."

ವಿಚಾರಣೆ

ಮಂಡ್ಯದಲ್ಲಿ ನನ್ನ ಕೋಣೆಯಿರುವ ಬೀದಿಗೊಂದು ನಿವಾಸಿಗಳ ಸಂಘ, ಅದಕ್ಕೊಬ್ಬ ಅಧ್ಯಕ್ಷರು. ಒತ್ತುವುದು ಅಂದರೆ ಮಸಾಜು, ಮಸಾಜು ಅಂದರೆ ಬೀದಿಯ ಮಾನ ಹೋಯಿತು ಅನ್ನುವುದು ಅವರ ಲೆಕ್ಕಾಚಾರ. ಪೊಲೀಸಿಗೆ ದೂರು ಕೊಟ್ಟರು. ಕೋಣೆಯ ಮಾಲೀಕರು ಬಂದು, "ಪೊಲೀಸ್ನೋರು ತಪ್ಪು ಅಂದ್ರೆ ಅವತ್ತೇ ಖಾಲಿ ಮಾಡಿ" ಅಂದುಬಿಟ್ಟರು. ಅನ್ನದ ದಾರಿಯೇ ಹೋಯಿತಲ್ಲ ಅಂತ ಎರಡು ದಿನ ಬೇರೆ ಕೋಣೆ ಹುಡುಕುತ್ತ ಅಲೆದೆ.

ಒಂದು ಬೆಳಿಗ್ಗೆ ದಪ್ಪ ಮೀಸೆಯ ಹೆಡ್ ಕಾನ್‌ಸ್ಟೇಬಲ್ ಬಂದರು. ಹಿಂದೆಯೇ ಅಧ್ಯಕ್ಷರು ಮತ್ತು ಅವರ ದಂಡು, ಮೆಟ್ಟಿಲವರೆಗೆ.

"ಇಲ್ಲಿಗೆ ಯಾರ್ಯಾರು ಬತ್ತಾರೆ?"

"ಹೇಳುವಂತಿಲ್ಲ ಸರ್. ಏನು ಮಾಡುತ್ತೇನೆ ಕೇಳಿ, ತೋರಿಸುತ್ತೇನೆ. ಯಾರಿಗೆ ಅನ್ನುವುದು ಅವರವರ ಗುಟ್ಟು."

"ನೋಡುದ್ರಾ ಸಾರ್!" ಮೆಟ್ಟಿಲ ಮೇಲಿಂದ ಅಧ್ಯಕ್ಷರು ಕೂಗಿದರು. "ಮುಚ್ಚಿಡಾಕೆ ಏನೋ ಅದೆ!"

ಇತ್ತು. ದೇವಸ್ಥಾನಕ್ಕೆ ಹೋಗುತ್ತೇನೆ ಅಂತ ಮನೆಯಲ್ಲಿ ಹೇಳಿ, ವಾರವಾರ ಮಂಡಿನೋವಿಗೆ ನನ್ನಲ್ಲಿಗೆ ಬರುತ್ತಿದ್ದವರು ಅವರ ಹೆತ್ತ ತಾಯಿಯೇ. ಒಂದೇ ಮಾತು ಬಾಯಿಬಿಟ್ಟಿದ್ದರೆ ಕೋಣೆ ಉಳಿಯುತ್ತಿತ್ತು. ಬಾಯಿಬಿಡದೆ ಹಾಸಿಗೆ ಕೊಡವಿ ಸರಿಮಾಡಿದೆ.

"ಸರಿ, ತೋರ್ಸಿ" ಅಂದು ಹೆಡ್ ಕಾನ್‌ಸ್ಟೇಬಲ್ಲು ಟೋಪಿ, ಬೆಲ್ಟು ಪಕ್ಕಕ್ಕಿಟ್ಟು ಯೂನಿಫಾರಮ್ಮಿನಲ್ಲೇ ಬೋರಲು ಮಲಗಿದರು. ನಾನು ಪರದೆ ಎಳೆದೆ. "ಒತ್ತಲಾ?" ಅಂದೆ. "ಊಂ" ಅಂದರು. ಹೈವೇಯಲ್ಲಿ ಬಂದೋಬಸ್ತಿಗೆ ನಿಂತೂ ನಿಂತೂ ಬೆನ್ನು ಒಣಗಿದ ಕಬ್ಬಿನ ಜಲ್ಲೆ ಆಗಿತ್ತು. ಮೊದಲ ಒತ್ತಿಗೇ "ಅವ್ವಾ!" ಅಂತ ಕೂಗಿದರು.

ಹೊರಗೆ ಸಂಭ್ರಮ. "ಒಳಗೆ ವಿಚಾರಣೆ ಜೋರಾಗಿ ನಡೀತಾ ಅದೆ" ಅಂದರು ಅಧ್ಯಕ್ಷರು.

"ಅಯ್ಯಯ್ಯಪ್ಪೋ! ಸತ್ತೆ!"

ದಂಡಿನಲ್ಲಿ ಒಬ್ಬನಿಗೆ ಅನುಮಾನ ಬಂತು. "ಲೇ, ಕೂಗ್ತಿರೋದು ಗಂಡಸಿನ ದನಿ ಅಲ್ವೇನ್ಲಾ? ಏಟು ತಿಂತಿರೋದು ಪೊಲೀಸಪ್ಪಾನೇ ಕಣ್ಲಾ!"

ಆಮೇಲೆ ಸದ್ದು ನಿಂತಿತು. ಹೊರಗಿನವರು ಬಾಗಿಲಿಗೆ ಕಿವಿಕೊಟ್ಟರು. ಸ್ವಲ್ಪ ಹೊತ್ತಿಗೆ ಪರದೆಯ ಹಿಂದಿನಿಂದ ಟ್ರ್ಯಾಕ್ಟರು ಸ್ಟಾರ್ಟಾದ ಹಾಗೆ ಗೊರಕೆ ಶುರುವಾಯಿತು.

ಅದೇ ಹೊತ್ತಿಗೆ ಬಾಗಿಲಲ್ಲಿ ಆಟೋ ಬಂದು ನಿಂತಿತು. ಕಂಕುಳಲ್ಲಿ ಸ್ವಂತ ದಿಂಬು ಇಟ್ಟುಕೊಂಡು ಅಜ್ಜಿ ಇಳಿದರು.

"ಅವ್ವಾ!" ಅಧ್ಯಕ್ಷರ ದನಿ ಕೀರಲಾಯಿತು. "ದೇವಸ್ಥಾನಕ್ಕೆ ಓಯ್ತೀನಿ ಅಂದಿದ್ದೆ?"

"ಮಂಡಿ ನೆಟ್ಟಗಿದ್ರೆ ತಾನೇ ದೇವ್ರಿಗೆ ಅಡ್ಬೀಳೋದು?" ಅಜ್ಜಿಗೆ ಸ್ವಲ್ಪವೂ ಅಳುಕಿಲ್ಲ. ದಂಡನ್ನು ನೋಡಿದರು. "ನೀವೂ ಒತ್ತಿಸ್ಕೊಳಾಕೆ ಬಂದಿದ್ದೀರಾ? ಸರದಿ ನಂದು ಕಣ್ರಲಾ, ಇಂದೆ ನಿಂತ್ಕೊಳ್ಳಿ."

ಗಲಾಟೆಗೆ ಹೆಡ್ ಕಾನ್‌ಸ್ಟೇಬಲ್ಲಿಗೆ ಎಚ್ಚರವಾಯಿತು. ಕೆನ್ನೆಯ ಮೇಲೆ ಹಾಸಿಗೆಯ ನೇಯ್ಗೆ ಅಚ್ಚೊತ್ತಿಕೊಂಡು, ಮೀಸೆ ಒಂದು ಕಡೆಗೆ ವಾಲಿಸಿಕೊಂಡು ಹೊರಗೆ ಬಂದರು. ಅಧ್ಯಕ್ಷರು ತಾಯಿಯ ಮುಖ ನೋಡಿದರು, ನನ್ನ ಮುಖ ನೋಡಿದರು, ಹೆಡ್ ಕಾನ್‌ಸ್ಟೇಬಲ್ ಕಿವಿಯ ಹತ್ತಿರ ಬಗ್ಗಿದರು.

"ಸಾರ್, ನಮ್ಮ ಕಂಪ್ಲೇಂಟು ವಾಪಸ್ ತಕ್ಕೋತೀವಿ. ಇಲ್ಲಿಗೇ ಮುಗಿಸ್ಬುಡಿ."

ಹೆಡ್ ಕಾನ್‌ಸ್ಟೇಬಲ್ಲಿಗೆ ನಿಜಕ್ಕೂ ಸಿಟ್ಟು ಬಂತು.

"ಅದೆಂಗ್ರೀ ಮುಗಿಸೋದು? ವಿಚಾರಣೆ ಇನ್ನೂ ಬಲಭುಜಕ್ಕೆ ಬಂದು ನಿಂತದೆ. ಎಡಭುಜ ಪೂರ್ತಿ ಬಾಕಿ ಅದಲ್ರೀ!"